ಹ್ಯಾಲಿಫ್ಯಾಕ್ಸ್ ಬಂದರು ಸ್ಫೋಟದ ಬಗ್ಗೆ ಯಾವ ಪುಸ್ತಕ ಮೊದಲು ಓದಬೇಕು?

ನಮಸ್ಕಾರ. 1944ರ ಮುಂಬಯಿ ಹಡಗುಕಟ್ಟೆಯ ಸ್ಫೋಟದ ಬಗ್ಗೆ ಓದುವಾಗ ಕೆನಡಾದ ಹ್ಯಾಲಿಫ್ಯಾಕ್ಸ್ ಹೆಸರು ಸಿಕ್ಕಿತೆಂದೂ, ಅದರ ಕುರಿತು ಎರಡು ಮೂರು ಪುಸ್ತಕಗಳನ್ನಷ್ಟೇ ಕೊಳ್ಳುವುದಾದರೆ ಯಾವುವನ್ನು ಕೊಳ್ಳಬೇಕೆಂದೂ ಕೇಳಿದ್ದೀರಿ. ಹಡಗಿನ ತಾಂತ್ರಿಕ ವಿವರಗಳಿಗಿಂತ ಊರಿನ ಜನರ ಗತಿ ಏನಾಯಿತು ಎಂಬುದೇ ನಿಮಗೆ ಮುಖ್ಯವೆಂದೂ ಬರೆದಿದ್ದೀರಿ. ಗುಂಪಿನ ಕೆಲವರು ಆಗಲೇ ಜಾನ್ ಬೇಕನ್ ಅವರ 2017ರ ಪುಸ್ತಕವನ್ನು ಸೂಚಿಸಿದ್ದಾರೆ. ಅದು ಕೆಟ್ಟ ಸಲಹೆಯೇನಲ್ಲ, ಆದರೆ ನಿಮ್ಮ ಆಸಕ್ತಿ ಇಂಥದ್ದಾಗಿದ್ದರೆ ಅದರಿಂದ ಆರಂಭಿಸಬೇಡಿ.

ಘಟನೆಯ ಪರಿಚಯವಿಲ್ಲದ ಸದಸ್ಯರಿಗಾಗಿ ಎರಡು ಮಾತು. 1917ರ ಡಿಸೆಂಬರ್ 6ರ ಬೆಳಿಗ್ಗೆ, ಹ್ಯಾಲಿಫ್ಯಾಕ್ಸ್ ಬಂದರಿನ ನ್ಯಾರೋಸ್ ಎಂಬ ಇಕ್ಕಟ್ಟಾದ ಜಲಮಾರ್ಗದಲ್ಲಿ, ಯುದ್ಧಕ್ಕಾಗಿ ಪಿಕ್ರಿಕ್ ಆಮ್ಲ, ಟಿಎನ್‌ಟಿ ಮತ್ತು ಗನ್‌ಕಾಟನ್ ಎಂಬ ಸ್ಫೋಟಕಗಳನ್ನು ತುಂಬಿಕೊಂಡು ಬರುತ್ತಿದ್ದ ಫ್ರಾನ್ಸಿನ ಮೋಂ ಬ್ಲಾಂ ಹಡಗಿಗೂ, ಬೆಲ್ಜಿಯಂ ಸಂತ್ರಸ್ತರಿಗೆ ಆಹಾರ ಸಾಮಗ್ರಿ ತರಲು ಬರಿದಾಗಿ ಹೊರಟಿದ್ದ ನಾರ್ವೆಯ ಇಮೋ ಹಡಗಿಗೂ ಡಿಕ್ಕಿಯಾಯಿತು. ಮೋಂ ಬ್ಲಾಂ ಡೆಕ್ಕಿನ ಮೇಲಿದ್ದ, ಬೆಂಜಾಲ್ ಎಂಬ ಬೇಗ ಉರಿಯುವ ದ್ರವದ ಪೀಪಾಯಿಗಳು ಒಡೆದು ಬೆಂಕಿ ಹತ್ತಿತು. ಹಡಗಿನವರು ದೋಣಿಗಳಲ್ಲಿ ಎದುರು ದಡಕ್ಕೆ ಓಡಿದರು, ಹಡಗು ಮಾತ್ರ ಉರಿಯುತ್ತಲೇ ತೇಲಿ ಬಂದು ಊರಿನ ದಡಕ್ಕೆ ತಾಗಿ 9 ಗಂಟೆ 4 ನಿಮಿಷಕ್ಕೆ ಸಿಡಿಯಿತು. ಸುಮಾರು 2,000 ಜನ ಸತ್ತರು, ಸುಮಾರು 9,000 ಮಂದಿ ಗಾಯಗೊಂಡರು. ರಿಚ್ಮಂಡ್ ಎಂಬ ಕಾರ್ಮಿಕರ ಬಡಾವಣೆ ನೆಲಸಮವಾಯಿತು. ಮರುದಿನವೇ ಹಿಮಬಿರುಗಾಳಿ ಬೀಸಿತು.

ಡಿಕ್ಕಿಗೂ ಸ್ಫೋಟಕ್ಕೂ ನಡುವಿನ ಇಪ್ಪತ್ತು ನಿಮಿಷಗಳನ್ನು ಎಲ್ಲ ಲೇಖಕರೂ ವಿಸ್ತಾರವಾಗಿಯೇ ಬರೆದಿದ್ದಾರೆ, ಒಂದರಲ್ಲಿ ಓದಿಕೊಂಡರೆ ಉಳಿದವುಗಳಲ್ಲಿ ಆ ಪುಟಗಳನ್ನು ತಿರುವಿಹಾಕಬಹುದು. ಪುಸ್ತಕ ಪುಸ್ತಕಕ್ಕೂ ಇರುವ ನಿಜವಾದ ವ್ಯತ್ಯಾಸ ಕಾಣುವುದು 9 ಗಂಟೆ 4 ನಿಮಿಷದ ನಂತರ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಜಾನೆಟ್ ಕಿಟ್ಸ್ ಅವರ ‘ಷ್ಯಾಟರ್ಡ್ ಸಿಟಿ’, 1989ರ ಪ್ರಕಟಣೆ. ಕಿಟ್ಸ್ ವೃತ್ತಿಯಿಂದ ಇತಿಹಾಸಕಾರರಲ್ಲ. ಕಾಲೇಜಿನ ಒಂದು ಕೋರ್ಸಿಗೆ ಪ್ರಬಂಧ ಬರೆಯಲು ಹೊರಟವರು ಇದರ ಬೆನ್ನು ಹತ್ತಿ, ಆಗ ಬದುಕಿದ್ದ ವೃದ್ಧರನ್ನು ಹುಡುಕಿ ಮಾತನಾಡಿಸಿದರು. ಸ್ಫೋಟದ ಬಳಿಕ ಶೆಬಕ್ಟೊ ರಸ್ತೆಯ ಶಾಲೆಯೊಂದನ್ನೇ ಶವಾಗಾರ ಮಾಡಿದ್ದರು. ಗುರುತು ಹತ್ತದ ಪ್ರತಿಯೊಂದು ದೇಹಕ್ಕೂ ಒಂದು ಸಂಖ್ಯೆ ಕೊಟ್ಟು, ಅದರ ಮೇಲಿದ್ದ ಉಂಗುರ, ಬೀಗದಕೈ, ಜೇಬಿನ ಚಿಲ್ಲರೆ ವಸ್ತುಗಳನ್ನು ಅದೇ ಸಂಖ್ಯೆಯ ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟರು. 1912ರಲ್ಲಿ ಟೈಟಾನಿಕ್ ಹಡಗಿನ ಶವಗಳು ಇದೇ ಊರಿಗೆ ಬಂದಾಗ ಜಾನ್ ಬಾರ್ನ್‌ಸ್ಟೆಡ್ ರೂಪಿಸಿದ್ದ ಪದ್ಧತಿಯನ್ನು ಐದು ವರ್ಷಗಳ ನಂತರ ಅವರ ಮಗ ಆರ್ಥರ್ ಮತ್ತೆ ಬಳಸಿದರು. ಯಾರೂ ಕೇಳಿಕೊಂಡು ಬರದ ಚೀಲಗಳು ದಶಕಗಳ ಕಾಲ ಪ್ರಾಂತದ ಶಾಸನಸಭಾ ಭವನದ ನೆಲಮಾಳಿಗೆಯಲ್ಲಿ ಬಿದ್ದಿದ್ದವು. ಅವುಗಳನ್ನು ಒಂದೊಂದಾಗಿ ಬಿಚ್ಚಿ ಪಟ್ಟಿ ಮಾಡುವ ಕೆಲಸದಲ್ಲಿ ತೊಡಗಿದವರು ಕಿಟ್ಸ್. ವಸ್ತುಗಳಿಂದ ಮನುಷ್ಯರ ಕಡೆಗೆ ನಡೆಯುವ ಈ ಕ್ರಮ ಪುಸ್ತಕದ ಉದ್ದಕ್ಕೂ ಇರುವುದರಿಂದಲೇ ಅದರಲ್ಲಿ ಅತಿಶಯೋಕ್ತಿಗೆ ಜಾಗವಿಲ್ಲ. ಭಾಷೆ ಸರಳ, ಅಧ್ಯಾಯಗಳು ಚಿಕ್ಕವು, ಇಂಗ್ಲಿಷ್ ನಿಧಾನವಾಗಿ ಓದುವವರಿಗೂ ತೊಡಕಾಗದು. ಅವರದೇ ಇನ್ನೊಂದು ಪುಸ್ತಕ, ಆಗ ಮಕ್ಕಳಾಗಿದ್ದವರನ್ನು ಕುರಿತದ್ದು, ಮನೆಯ ಹೈಸ್ಕೂಲು ಮಕ್ಕಳಿಗೂ ಕೊಡಬಹುದಾದದ್ದು.

ಎರಡನೆಯದಕ್ಕೆ ಹಣವೇ ಬೇಕಿಲ್ಲ. ಊರಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಪಾದ್ರಿಯಾಗಿದ್ದ ಸ್ಯಾಮ್ಯುಯೆಲ್ ಹೆನ್ರಿ ಪ್ರಿನ್ಸ್, ಪರಿಹಾರ ಕಾರ್ಯದಲ್ಲಿ ಕಣ್ಣಾರೆ ಕಂಡದ್ದನ್ನು ಆಧರಿಸಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬರೆದ ಮಹಾಪ್ರಬಂಧ ‘ಕೆಟಾಸ್ಟ್ರಫಿ ಅಂಡ್ ಸೋಷಿಯಲ್ ಚೇಂಜ್’ 1920ರಲ್ಲಿ ಅಚ್ಚಾಯಿತು. ವಿಪತ್ತನ್ನು ಸಮಾಜಶಾಸ್ತ್ರದ ದೃಷ್ಟಿಯಿಂದ ನೋಡಿದ ಮೊದಲ ಅಧ್ಯಯನವೆಂದು ಅದನ್ನು ಗುರುತಿಸುತ್ತಾರೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಆರಂಭದ ಸಿದ್ಧಾಂತದ ಭಾಗ ಒಣಕಲು, ಅದನ್ನು ದಾಟಿ, ಜನ ಮೊದಲ ಗಂಟೆಗಳಲ್ಲಿ ಹೇಗೆ ವರ್ತಿಸಿದರು, ನೆರವು ಹೇಗೆ ಸಂಘಟಿತವಾಯಿತು ಎಂಬ ಭಾಗಗಳಿಗೆ ಹೋಗಿ. ಆಪತ್ತು ಸಮಾಜವನ್ನು ಕದಲಿಸಿ ಬದಲಾವಣೆಗೆ ಹಾದಿ ಮಾಡುತ್ತದೆ ಎಂಬ ಅವರ ಪ್ರತಿಪಾದನೆಯನ್ನು ಒಪ್ಪಬೇಕೆಂದೇನೂ ಇಲ್ಲ, ನನಗಂತೂ ಅದು ಸ್ವಲ್ಪ ಅವಸರದ ಆಶಾವಾದವೆನಿಸುತ್ತದೆ.

ಪ್ರಿನ್ಸ್ ನಂತರ ಜೇಕಬ್ ರೆಮೆಸ್ ಅವರ 2016ರ ‘ಡಿಸಾಸ್ಟರ್ ಸಿಟಿಜನ್‌ಶಿಪ್’ ಓದಿದರೆ ವಾದಕ್ಕೆ ಪ್ರತಿವಾದ ಸಿಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಊರಿನ 1914ರ ಅಗ್ನಿದುರಂತವನ್ನೂ ಹ್ಯಾಲಿಫ್ಯಾಕ್ಸನ್ನೂ ಜೊತೆಗಿಟ್ಟು ನೋಡುವ ಈ ಲೇಖಕರು, ಸಂತ್ರಸ್ತರು ಮೊದಲು ನೆಚ್ಚಿದ್ದು ಬಂಧುಗಳನ್ನು, ನೆರೆಹೊರೆಯವರನ್ನು, ಕಾರ್ಮಿಕ ಸಂಘಗಳನ್ನು ಎಂದು ತೋರಿಸುತ್ತಾರೆ. ಆಮೇಲೆ ಬಂದ ಅಧಿಕೃತ ಪರಿಹಾರ ವ್ಯವಸ್ಥೆಯ ತನಿಖೆ, ಅರ್ಜಿ, ಅರ್ಹತೆಗಳ ಜಾಲದಲ್ಲಿ ಆ ಜನ ಹೇಗೆ ಚೌಕಾಸಿ ಮಾಡಬೇಕಾಯಿತು ಎಂಬುದನ್ನೂ ವಿವರಿಸುತ್ತಾರೆ. 1918ರಲ್ಲಿ ಸ್ಥಾಪನೆಯಾದ ಹ್ಯಾಲಿಫ್ಯಾಕ್ಸ್ ಪರಿಹಾರ ಆಯೋಗ ಮುಚ್ಚಿದ್ದು 1976ರಲ್ಲಿ ಎಂಬುದೊಂದೇ ಸಾಕು, ‘ನಂತರದ ಕಥೆ’ ಎಷ್ಟು ಉದ್ದವೆಂದು ತಿಳಿಯಲು. ಪುಸ್ತಕ ವಿದ್ವತ್ಪೂರ್ಣವಾದದ್ದು, ದುಬಾರಿಯೂ ಹೌದು. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ.

ಕಾದಂಬರಿ ಬೇಕೆಂದರೆ ಹ್ಯೂ ಮೆಕ್ಲೆನನ್ ಅವರ ‘ಬ್ಯಾರೊಮೀಟರ್ ರೈಸಿಂಗ್’, 1941ರದ್ದು. ಸ್ಫೋಟವಾದಾಗ ಲೇಖಕರು ಅದೇ ಊರಿನಲ್ಲಿದ್ದ ಹತ್ತು ವರ್ಷದ ಬಾಲಕ. ಪ್ರೇಮಕಥೆಯ ಹೆಣಿಗೆ ಈಗ ಹಳತೆನಿಸುತ್ತದೆ, ಖಳನಾಯಕನ ಚಿತ್ರಣವೂ ತೆಳು. ಆದರೆ ಊರಿನ ದಿಣ್ಣೆ, ಬೀದಿ, ಮಂಜು, ಬಂದರಿನ ಸದ್ದುಗಳ ವರ್ಣನೆ ಒಳಗಿನವರಿಗಷ್ಟೇ ಸಾಧ್ಯವಾಗುವಂಥದ್ದು. ಮೈಕೆಲ್ ಬರ್ಡ್ 1962ರಲ್ಲಿ ಬರೆದದ್ದು ಓಟದ ಶೈಲಿಯ ಹಳೆಯ ಪುಸ್ತಕ. ಲಾರಾ ಮ್ಯಾಕ್‌ಡೊನಾಲ್ಡ್ ಅವರ 2005ರ ‘ಕರ್ಸ್ ಆಫ್ ದ ನ್ಯಾರೋಸ್’ ಬಾಸ್ಟನ್ನಿನಿಂದ ಬಂದ ನೆರವಿನ ವಿಷಯದಲ್ಲಿ ಸಮೃದ್ಧವಾಗಿದೆ. ಬೇಕನ್ ಅವರದು, ಗಾಯಾಳುಗಳ ಆರೈಕೆಗೆ ಬಂದು ಮುಂದೆ ವೈದ್ಯನೂ ಐಸ್ ಹಾಕಿ ತರಬೇತುದಾರನೂ ಆದ ಯೋಧನೊಬ್ಬನ ಜೀವನವನ್ನು ದಾರವಾಗಿ ಹಿಡಿದು ಹೆಣೆದ ಕಥನ. ಓದಿಸಿಕೊಂಡು ಹೋಗುತ್ತದೆ, ಆದರೆ ಊರು ಹಿನ್ನೆಲೆಗೆ ಸರಿಯುತ್ತದೆ.

ಈ ವಿಷಯದ ಬೇರೆ ಯಾವುದೇ ಪುಸ್ತಕ ಕೈಗೆ ಸಿಕ್ಕರೂ ಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ತೆರೆದು ನೋಡಿ. ಎದುರು ದಡದ ಟರ್ಟಲ್ ಗ್ರೋವ್‌ನಲ್ಲಿದ್ದ ಮಿಕ್‌ಮಾ ಮೂಲನಿವಾಸಿಗಳ ನೆಲೆ, ಸ್ಫೋಟ ಮತ್ತು ಅದು ಎಬ್ಬಿಸಿದ ಅಲೆಯಿಂದ ಅಳಿದುಹೋದದ್ದನ್ನು ಲೇಖಕರು ಹೇಳಿದ್ದಾರೆಯೇ? ಮೋಂ ಬ್ಲಾಂ ಹಡಗಿಗೆ ದಾರಿ ತೋರುತ್ತಿದ್ದ ಪೈಲಟ್ ಫ್ರಾನ್ಸಿಸ್ ಮ್ಯಾಕಿ ಮೇಲೆ ಮೊದಲ ವಿಚಾರಣೆಯಲ್ಲಿ ಹೊರಿಸಿದ ತಪ್ಪಿಗಷ್ಟೇ ನಿಂತಿದ್ದಾರೆಯೇ, ಅಥವಾ ಎರಡೂ ಹಡಗುಗಳದು ಸಮಾನ ತಪ್ಪೆಂದು ಮೇಲಿನ ನ್ಯಾಯಾಲಯಗಳು ಹೇಳಿದ್ದನ್ನೂ ಕೊಟ್ಟಿದ್ದಾರೆಯೇ? ಕೊನೆಯದು, ರೈಲು ತಡೆಯಿರಿ ಎಂದು ತಂತಿ ಸಂದೇಶ ಕಳಿಸಿ ಅಲ್ಲೇ ಪ್ರಾಣಬಿಟ್ಟ ರೈಲ್ವೆ ನೌಕರ ವಿನ್ಸ್ ಕೋಲ್ಮನ್. ಆತನ ಸಂದೇಶದ ಮಾತುಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಆ ಭಿನ್ನತೆಯನ್ನು ತಿಳಿಸಿ ಬರೆಯುವವರನ್ನು ಉಳಿದ ವಿಷಯಗಳಲ್ಲೂ ನಂಬಬಹುದು.

ಮುಂಬಯಿ ಸ್ಫೋಟದ ಮೇಲೆಯೇ ಪುಸ್ತಕವಿದೆಯೇ ಎಂದೂ ಕೇಳಿದ್ದೀರಿ. ಇದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ, ಚಿನ್ನ ಮತ್ತು ಸ್ಫೋಟಕಗಳನ್ನು ಒಟ್ಟಿಗೇ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದ ಆ ಪ್ರಸಂಗದ ಕುರಿತು ಜಾನ್ ಎನ್ನಿಸ್ 1959ರಲ್ಲಿ ಬರೆದಿದ್ದಾರೆ. ಹೊಸ ಪ್ರತಿಗಾಗಿ ಕಾಯುವ ಬದಲು ಹಳೆಯ ಪುಸ್ತಕದಂಗಡಿಗಳಲ್ಲೂ ಗ್ರಂಥಾಲಯಗಳಲ್ಲೂ ಲೇಖಕರ ಹೆಸರಿನಿಂದಲೇ ಹುಡುಕಿ, ಏಕೆಂದರೆ ಲಂಡನ್ ಮತ್ತು ನ್ಯೂಯಾರ್ಕ್ ಮುದ್ರಣಗಳ ಶೀರ್ಷಿಕೆಗಳು ಒಂದೇ ಅಲ್ಲ.