ಬಂದೂಕಿನ ಪರವಾನಗಿಗೆ ಪರಿಚಿತರ ಹೇಳಿಕೆ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಜಮಖಂಡಿ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರಾಂಶ ಇದು. ಅವರ ಹಳೆಯ ವಿದ್ಯಾರ್ಥಿಯೊಬ್ಬರು ಕಬ್ಬು ಬೆಳೆಗಾರರಾಗಿದ್ದು, ತೋಟದ ಮನೆಯಲ್ಲಿ ಸಂಸಾರ ಹೂಡಿದ್ದಾರೆ. ಹಂದಿಗಳ ಕಾಟ ತಾಳಲಾರದೆ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದ್ದು, ಠಾಣೆಯವರು ವಿಚಾರಣೆಗೆ ಬಂದಾಗ ‘ಗುರುಗಳು ನನ್ನ ಪರವಾಗಿ ನಾಲ್ಕು ಒಳ್ಳೆಯ ಮಾತು ಹೇಳಬೇಕು’ ಎಂದು ಕೇಳಿಕೊಂಡಿದ್ದಾರೆ. ಆತ ದುಡಿಮೆಗಾರ, ಕೊಟ್ಟ ಮಾತಿಗೆ ತಪ್ಪದವ. ಆದರೆ ಬದುವಿನ ವಿಷಯವಾಗಿ ಒಡಹುಟ್ಟಿದ ತಮ್ಮನೊಡನೆ ಜಗಳ ನಡೆದಿದೆ, ಕುಡಿದ ದಿನ ಕೈ ಮಾಡಿದ್ದೂ ಉಂಟು. ದೂರು ಮಾತ್ರ ದಾಖಲಾಗಿಲ್ಲ. ‘ಇದ್ದದ್ದನ್ನು ಹೇಳಿದರೆ ದ್ರೋಹವಾದೀತೆ? ಊರಲ್ಲಿ ದಿನಾ ಮುಖ ನೋಡಬೇಕಲ್ಲ?’ ಎಂಬುದು ಅವರ ಪ್ರಶ್ನೆ.

ಮಾನ್ಯ ಗುರುಗಳೇ,

ಹಂದಿಯ ಕಾಟ ಸುಳ್ಳಲ್ಲ. ಕಟಾವಿಗೆ ಬಂದ ಕಬ್ಬನ್ನು ಒಂದೇ ರಾತ್ರಿ ಉರುಳಿಸಿ ಹೋಗುವ ಹಿಂಡನ್ನು ಕಂಡ ರೈತನಿಗೆ ಬಂದೂಕು ಬೇಕೆನಿಸುವುದು ಸಹಜ. ಬೆಳೆ ರಕ್ಷಣೆಯ ನಿಜವಾದ ಅಗತ್ಯಕ್ಕಾಗಿ ಮೂತಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಅವಕಾಶವಿದೆ. ಬಂದೂಕಿನ ಪರವಾನಗಿಯೊಂದೇ ಹಂದಿಯನ್ನು ಕೊಲ್ಲುವ ಅನುಮತಿಯಾಗುವುದಿಲ್ಲ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ ಎಂಬುದನ್ನೂ ನಿಮ್ಮ ವಿದ್ಯಾರ್ಥಿಗೆ ತಿಳಿಸಿರಿ. ಆದರೆ ನಿಮ್ಮ ಪ್ರಶ್ನೆ ಹಂದಿಯದಲ್ಲ, ಮನುಷ್ಯನದು.

ಅರ್ಜಿ ಬಂದ ಮೇಲೆ ಪರವಾನಗಿ ಪ್ರಾಧಿಕಾರವು, ಅಂದರೆ ನಿಮ್ಮ ಬಾಗಲಕೋಟೆಯಲ್ಲಿ ಜಿಲ್ಲಾ ದಂಡಾಧಿಕಾರಿಗಳು, ಹತ್ತಿರದ ಠಾಣೆಯ ವರದಿಯನ್ನು ತರಿಸಿಕೊಳ್ಳಲೇಬೇಕು. ಅರ್ಜಿದಾರನ ಮೇಲಿನ ಪ್ರಕರಣಗಳು, ಶಿಕ್ಷೆಗಳು, ಬರೆಯಿಸಿಕೊಂಡ ಮುಚ್ಚಳಿಕೆಗಳು ಠಾಣೆಯ ಕಡತದಲ್ಲೇ ಸಿಗುತ್ತವೆ. ದೇಹ ಮತ್ತು ಮನಸ್ಸಿನ ಆರೋಗ್ಯಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳಂತೆ ವೈದ್ಯರ ಪ್ರಮಾಣಪತ್ರವಿರುತ್ತದೆ. ಕಡತಕ್ಕೂ ವೈದ್ಯರಿಗೂ ಸಿಗದ ಸಂಗತಿಯೊಂದೇ ಉಳಿಯುತ್ತದೆ: ಈ ಮನುಷ್ಯ ಸಿಟ್ಟು ಬಂದಾಗ ಏನು ಮಾಡುತ್ತಾನೆ, ಕುಡಿದಾಗ ಹೇಗಿರುತ್ತಾನೆ, ಮನೆಯವರು ಅವನಿಗೆ ಅಂಜುತ್ತಾರೆಯೇ ಎಂಬುದು. ಅದನ್ನು ಬಲ್ಲವರು ನೆರೆಹೊರೆಯವರು, ಒಡನಾಡಿದವರು, ನಿಮ್ಮಂಥ ಹಿರಿಯರು. ದೂರು ದಾಖಲಾಗಿಲ್ಲವೆಂದು ನೀವೇ ಬರೆದಿದ್ದೀರಿ. ಹಾಗಿರುವಾಗ ನೀವು ಬಾಯಿ ಬಿಡದಿದ್ದರೆ ಆ ಜಗಳ ವರದಿಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಇಂಥ ಹೇಳಿಕೆಯನ್ನು ಬರಿಯ ಶಾಸ್ತ್ರವೆಂದು ತಿಳಿದರೆ ಏನಾಗಬಹುದೆಂಬುದಕ್ಕೆ ನ್ಯೂಜಿಲೆಂಡ್ ಕಂಡ ದುರಂತವನ್ನು ಹೇಳಬೇಕಾಗಿದೆ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಒಬ್ಬನೇ ದುಷ್ಕರ್ಮಿ 51 ಜನರನ್ನು ಕೊಂದನು. ಅವನ ಬಳಿ 2017ರಲ್ಲಿ ಪಡೆದ ಸಕ್ರಮ ಪರವಾನಗಿಯಿತ್ತು. ಆ ದೇಶದಲ್ಲಿ ಅರ್ಜಿದಾರನನ್ನು ಹತ್ತಿರದಿಂದ ಬಲ್ಲ ಇಬ್ಬರನ್ನು ಪೊಲೀಸರು ಮಾತನಾಡಿಸಬೇಕು, ಅವರಲ್ಲಿ ಒಬ್ಬರು ಹೆಂಡತಿಯೋ ಸಮೀಪದ ಬಂಧುವೋ ಆಗಿರಬೇಕೆಂಬ ಪದ್ಧತಿಯಿತ್ತು. ಇವನ ವಿಷಯದಲ್ಲಿ ಬಂಧುವಿನ ಬದಲು ಅಂತರ್ಜಾಲದ ಆಟಗಳ ಮೂಲಕ ಪರಿಚಯವಾದ ಗೆಳೆಯನೊಬ್ಬನ ಮಾತನ್ನೂ ಆ ಗೆಳೆಯನ ಮನೆಯ ಹಿರಿಯರೊಬ್ಬರ ಮಾತನ್ನೂ ಸಾಕೆಂದು ಒಪ್ಪಿಕೊಳ್ಳಲಾಯಿತು. ಆ ಇಬ್ಬರೂ ಅವನನ್ನು ನಿಜಕ್ಕೂ ಎಷ್ಟರಮಟ್ಟಿಗೆ ಬಲ್ಲರೆಂದು ಪೊಲೀಸರು ಸರಿಯಾಗಿ ವಿಚಾರಿಸಲಿಲ್ಲವೆಂದು 2020ರಲ್ಲಿ ವರದಿ ಕೊಟ್ಟ ರಾಯಲ್ ತನಿಖಾ ಆಯೋಗವು ಹೇಳಿತು. ಅವರು ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಅವರಿಗೆ ಅವನು ಗೊತ್ತಿರಲಿಲ್ಲ, ಅಷ್ಟೆ. ನಿಮಗೆ ನಿಮ್ಮ ವಿದ್ಯಾರ್ಥಿ ಚೆನ್ನಾಗಿ ಗೊತ್ತು, ಆದುದರಿಂದಲೇ ನಿಮ್ಮ ಮಾತಿಗೆ ತೂಕ ಹೆಚ್ಚು.

ಕೆನಡಾದಲ್ಲಿ ಅರ್ಜಿದಾರನ ಈಗಿನ ಸಂಗಾತಿಗೆ ಮಾತ್ರವಲ್ಲ, ಎರಡು ವರ್ಷಗಳೊಳಗೆ ದೂರವಾದ ಸಂಗಾತಿಗೂ ಅರ್ಜಿಯ ವಿಷಯ ತಿಳಿಸುವ ಏರ್ಪಾಡಿದೆ. ಇದು ನನಗೆ ಬಹಳ ವಿವೇಕದ ಕ್ರಮವೆಂದು ತೋರುತ್ತದೆ. ಬಂದೂಕು ಹಂದಿಗಾಗಿ ಬಂದರೂ ವರ್ಷದ ಬಹುಪಾಲು ಇರುವುದು ಮನೆಯೊಳಗೆ, ಹೆಂಡತಿ ಮಕ್ಕಳು ಮಲಗುವ ಕೋಣೆಯ ಪಕ್ಕದಲ್ಲಿ. ಕೇಡು ಯಾವಾಗಲೂ ಹೊರಗಿನವರಿಗೇ ಆಗಬೇಕೆಂದಿಲ್ಲ. ಸಾಲದಲ್ಲಿ ಸಿಕ್ಕಿ ಮನಸ್ಸು ಕುಗ್ಗಿದವನ ಕೈಗೆ ಬಂದೂಕು ಎಟಕುವಂತಿದ್ದರೆ ಅವನ ಜೀವಕ್ಕೇ ಅದು ಅಪಾಯ. ಆದ್ದರಿಂದ ಆತ ಒಳ್ಳೆಯವನೋ ಕೆಟ್ಟವನೋ ಎಂದು ತೀರ್ಪು ಕೊಡಲು ಹೋಗಬೇಡಿ. ಈಗ ಅವನು ಇರುವ ಸ್ಥಿತಿಯಲ್ಲಿ ಆ ಮನೆಗೆ ಬಂದೂಕು ಬರುವುದು ಕ್ಷೇಮವೇ ಎಂದು ಯೋಚಿಸಿರಿ. ಒಳ್ಳೆಯ ಮನುಷ್ಯನಿಗೂ ಕೆಟ್ಟ ಕಾಲ ಬರುತ್ತದೆ.

ಆಯುಧದ ವಿಷಯದಲ್ಲಿ ಸರ್ಕಾರಕ್ಕೆ ಸುಳಿವು ಕೊಡುವುದೆಂದರೆ ನಮ್ಮ ಸೀಮೆಯವರಿಗೆ ಒಳಗೊಳಗೇ ಅಳುಕಿದೆ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿರೆಂದು ಕಾಯ್ದೆ ತಂದಾಗ ಹಲಗಲಿಯ ಬೇಡರು ಒಪ್ಪದೆ ಕಾದಾಡಿ ನೇಣಿಗೇರಿದ ಊರು ನಿಮ್ಮ ನೆರೆಯ ಮುಧೋಳ ತಾಲೂಕಿನಲ್ಲೇ ಇದೆ. ಆ ಕಾಯ್ದೆ ಪರಕೀಯರು ಒಂದು ಜನರ ಕೈಯಿಂದ ಆಯುಧವನ್ನು ಕಿತ್ತುಕೊಳ್ಳಲು ತಂದದ್ದು. ಈಗ ಠಾಣೆಯವರು ಕೇಳುತ್ತಿರುವುದು ನೆರೆಯವರ ಜೀವದ ಬಗ್ಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನುಣುಚಿಕೊಳ್ಳುವ ದಾರಿಯೂ ನಿಮ್ಮ ಮನಸ್ಸಿಗೆ ಬಂದಿದೆ, ‘ಊರಲ್ಲಿಲ್ಲವೆಂದು ಹೇಳಿಸಲೇ?’ ಎಂದು ಕೇಳಿದ್ದೀರಿ. ಅದರಿಂದ ಪ್ರಯೋಜನವಿಲ್ಲ. ನೀವು ಸಿಗದಿದ್ದರೆ ಠಾಣೆಯವರು ಇನ್ನೊಬ್ಬರನ್ನು ಕೇಳಿ ವರದಿ ಮುಗಿಸುತ್ತಾರೆ. ನಿಗದಿತ ಅವಧಿಯಲ್ಲಿ ವರದಿಯೇ ಬಾರದಿದ್ದರೂ ಪ್ರಾಧಿಕಾರವು ಮುಂದೆ ಕಾಯದೆ ತೀರ್ಮಾನ ಕೊಡಲು ಕಾಯ್ದೆಯಲ್ಲಿ ಆಸ್ಪದವಿದೆ. ಇನ್ನು, ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟು ಸರ್ಕಾರಿ ನೌಕರನನ್ನು ದಾರಿ ತಪ್ಪಿಸುವುದು ಭಾರತೀಯ ನ್ಯಾಯ ಸಂಹಿತೆಯಂತೆ ಅಪರಾಧ. ಆದರೆ ಶಿಕ್ಷೆಯ ಅಂಜಿಕೆಯಿಂದ ನೀವು ನಿಜ ಹೇಳುವವರಲ್ಲವೆಂದು ಪತ್ರದಿಂದಲೇ ತಿಳಿಯುತ್ತದೆ.

ನನ್ನ ಸಲಹೆ ಇಷ್ಟು. ಪೊಲೀಸರು ಬರುವ ಮೊದಲೇ ಆತನನ್ನು ಮನೆಗೆ ಕರೆಯಿಸಿ, ಎದುರಿಗೆ ಕೂಡಿಸಿಕೊಂಡು, ‘ತಮ್ಮಾ, ನನ್ನನ್ನು ಕೇಳಿದರೆ ನಿನ್ನ ದುಡಿಮೆಯನ್ನೂ ಹೇಳುತ್ತೇನೆ, ಬದುವಿನ ಜಗಳವನ್ನೂ ಹೇಳುತ್ತೇನೆ’ ಎಂದುಬಿಡಿ. ಬೆನ್ನ ಹಿಂದೆ ಹೇಳಿದರೆ ದ್ರೋಹವೆನಿಸೀತು. ಮುಖದ ಮುಂದೆ ಮೊದಲೇ ಹೇಳಿದ ಮಾತಿಗೆ ಆ ಹೆಸರು ಬಾರದು. ಸರ್ವೆ ಮಾಡಿಸಿ ಬದು ಗೊತ್ತುಮಾಡಿಕೊಂಡು, ಕುಡಿತ ಬಿಟ್ಟು, ಆಮೇಲೆ ಅರ್ಜಿ ಹಾಕೆಂದು ನೀವು ಹೇಳಿದರೆ ಆತ ಕೇಳಿಯಾನು; ಬೇರೆ ಯಾರು ಹೇಳಿದರೂ ಕೇಳಲಾರ.

ಹೇಳಿಕೆ ಕೊಡುವಾಗ ಕಣ್ಣಾರೆ ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿ ಹೇಳಿರಿ. ಜಗಳವಾದ ಎದುರು ಪಕ್ಷದವರ ಮಾತನ್ನು ನಿಮ್ಮದೆಂಬಂತೆ ಸೇರಿಸಬೇಡಿ, ಏಕೆಂದರೆ ಹಗೆಯಿಂದ ಅರ್ಜಿಗೆ ಕಲ್ಲು ಹಾಕುವವರೂ ಇರುತ್ತಾರೆ, ಅದರಿಂದ ನಿಜವಾದ ಅಗತ್ಯವುಳ್ಳ ರೈತನಿಗೆ ಅನ್ಯಾಯವಾಗುತ್ತದೆ. ಬರೆದುಕೊಂಡದ್ದನ್ನು ಪೂರ್ತಿ ಓದಿ, ನೀವು ಹೇಳದ ಮಾತಿದ್ದರೆ ತಿದ್ದಿಸಿ, ಆಮೇಲೆ ಸಹಿ ಮಾಡಿರಿ. ಅರ್ಜಿ ತಿರಸ್ಕೃತವಾದರೆ ಕಾರಣ ಬರೆದಿಡುವುದು ಪ್ರಾಧಿಕಾರದ ಕರ್ತವ್ಯ, ಮೇಲ್ಮನವಿಯ ಹಕ್ಕು ಅರ್ಜಿದಾರನಿಗಿದೆ. ಪರವಾನಗಿ ಸಿಕ್ಕಿತೆಂದರೂ ವಿಷಯ ಮುಗಿಯಲಿಲ್ಲ: ಮುಂದೆ ಜಗಳ ಹೆಚ್ಚಿದ್ದನ್ನು ಕಂಡರೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದು, ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಮಿನಂತೆ ಪರವಾನಗಿಯನ್ನು ಅಮಾನತಿನಲ್ಲಿಡುವ ಇಲ್ಲವೆ ರದ್ದುಪಡಿಸುವ ಅಧಿಕಾರ ಅವರಿಗಿದೆ.

— ಸಂಪಾದಕ