ಓದುಗರ ಪ್ರಶ್ನೆ: ಕಂಬಳಿ, ಕಾಗದ, ಕಬ್ಬಿಣ ಒಂದೇ ಗೋಡೆಗೆ

ಪ್ರಶ್ನೆ: ಐವರು ಸೇರಿ ಮಿಶ್ರ ಮಾಧ್ಯಮದ ಗುಂಪು ಪ್ರದರ್ಶನ ಮಾಡುತ್ತಿದ್ದೇವೆ. 12 ಮಿ.ಮೀ. ಪ್ಲೈವುಡ್ ಮೇಲೆ ಪತ್ರಿಕೆಯ ಹಾಳೆ, ಹತ್ತಿಬಟ್ಟೆ ಅಂಟಿಸಿ ಅಕ್ರಿಲಿಕ್ ಬಳಿದಿದ್ದೇನೆ. ಈಗ ಕಾಗದ ಗುಳ್ಳೆ ಎದ್ದಿದೆ, ಹಲಗೆಯೂ ಬಾಗಿದೆ. ಸರಿಪಡಿಸಬಹುದೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ಸರಿಪಡಿಸಬಹುದು. ಎರಡಕ್ಕೂ ಮೂಲ ನೀರು. ಅಂಟು ತಾಗಿದ ಕೂಡಲೇ ಕಾಗದ ನೀರು ಹೀರಿ ಹಿಗ್ಗುತ್ತದೆ. ಹಿಗ್ಗಿ ಮುಗಿಯುವ ಮೊದಲೇ ಒತ್ತಿಬಿಟ್ಟರೆ ಹೆಚ್ಚಿದ ಅಗಲಕ್ಕೆ ಜಾಗವಿಲ್ಲದೆ ಗುಳ್ಳೆಯಾಗುತ್ತದೆ. ಮುಂದೆ ಅಂಟಿಸುವಾಗ ಹಾಳೆಯ ಹಿಂಬದಿಗೂ ಹಲಗೆಗೂ ಅಂಟು ಸವರಿ, ಎರಡು ನಿಮಿಷ ಬಿಟ್ಟು, ನಡುವಿನಿಂದ ಅಂಚಿಗೆ ರೋಲರ್ ಎಳೆಯಿರಿ. ಈಗಿನ ಗುಳ್ಳೆಗೆ ಬ್ಲೇಡಿನಿಂದ ಕಾಲು ಇಂಚು ಸೀಳು ಹಾಕಿ. ಮೂರು ಪಾಲು ಬಿಳಿ ಅಂಟಿಗೆ ಒಂದು ಪಾಲು ನೀರು ಬೆರೆಸಿ ಸಿರಿಂಜಿನಲ್ಲಿ ಹಾಯಿಸಿ. ಸೀಳಿನಿಂದ ಹೊರಬಂದದ್ದನ್ನು ಒರೆಸಿ, ಸಿಲಿಕಾನ್ ಲೇಪದ ಬೇಕಿಂಗ್ ಕಾಗದ ಹೊದಿಸಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ.

ಹಲಗೆ ಬಾಗಿದ್ದು ಒಂದೇ ಮಗ್ಗುಲಿಗೆ ಪದರದ ಮೇಲೆ ಪದರ ಬಳಿದದ್ದರಿಂದ. ಒಣಗುವ ಅಂಟು, ಬಣ್ಣ ಕುಗ್ಗುತ್ತಾ ಹಲಗೆಯನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಬೋಳು ಹಿಂಬದಿ ಮಳೆಗಾಲದಲ್ಲಿ ತೇವ ಹೀರಿ ಇನ್ನಷ್ಟು ಕೆಡಿಸುತ್ತದೆ. ಹಿಂಬದಿಗೂ ಎರಡು ಕೋಟ್ ಪ್ರೈಮರ್ ಹೊಡೆಯಿರಿ. ಬಾಗು ಹೆಚ್ಚಿದ್ದರೆ 25 ಮಿ.ಮೀ. ದಪ್ಪದ ಮರದ ಪಟ್ಟಿಗಳ ಚೌಕಟ್ಟನ್ನು ಹಿಂದಿನಿಂದ ಸ್ಕ್ರೂ ಹಾಕಿ ಬಿಗಿಯಿರಿ. ಪಟ್ಟಿ 25, ಪ್ಲೈ 12, ಒಟ್ಟು 37 ಮಿ.ಮೀ. ಆಯಿತು. 32ರ ಸ್ಕ್ರೂ ಸಾಕು. 38ರದ್ದು ಹಾಕಿದಿರೋ, ಮೊನೆ ಚಿತ್ರದಿಂದ ಇಣುಕುತ್ತದೆ.

ಪತ್ರಿಕೆಯ ಕಾಗದ ಮಾತ್ರ ಕೈಕೊಡುತ್ತದೆ. ಅದರಲ್ಲಿ ಉಳಿದಿರುವ ಲಿಗ್ನಿನ್ (ಮರದ ನಾರನ್ನು ಬಿಗಿಹಿಡಿಯುವ ಅಂಶ) ಬೆಳಕು ತಾಗಿ ಹಳದಿಯಾಗುತ್ತದೆ. ಆಮ್ಲರಹಿತ ಕಾಗದಕ್ಕೆ ಲೇಸರ್ ಪ್ರತಿ ತೆಗೆದು ಅಂಟಿಸಿ. ಇಂಕ್‌ಜೆಟ್ ಪ್ರತಿ ಬೇಡ, ಅಂಟಿನ ನೀರಿಗೆ ಶಾಯಿ ಹರಡುತ್ತದೆ.

ಪ್ರಶ್ನೆ: ಚಳ್ಳಕೆರೆಯಿಂದ ತಂದ ಕರಿ ಕಂಬಳಿಯನ್ನು ಹಲಗೆಗೆ ಅಂಟಿಸಿ, ಮೇಲೆ ಹಳೆ ಕಬ್ಬಿಣದ ತುಂಡು ಹೊಲಿದ ಕೃತಿ ನನ್ನದು. 40 ಇಂಚು ಎತ್ತರ, ಸುಮಾರು 9 ಕೆ.ಜಿ. ಕಂಬಳಿ ಜೋತು ಬೀಳುತ್ತಿದೆ. ಗೋಡೆಗೆ ಹೇಗೆ ಹಾಕಲಿ?
– ಚಿತ್ರದುರ್ಗ

ಉತ್ತರ: ಕಂಬಳಿಗೆ ಅಂಟು ನಂಬಬೇಡಿ. ಅದು ಹಿಡಿಯುವುದು ಮೇಲ್ಮೈಯ ನೂಲನ್ನಷ್ಟೇ. ಉಳಿದ ಭಾರಕ್ಕೆ ಆ ನೂಲೇ ಕಿತ್ತು ಬರುತ್ತದೆ. ಎರಡಿಂಚು ಅಗಲದ ವೆಲ್ಕ್ರೋ ತನ್ನಿ. ಅದರ ಮೆತ್ತನೆ ಭಾಗವನ್ನು ಹತ್ತಿಯ ಪಟ್ಟಿಗೆ ಹೊಲಿದು, ಆ ಪಟ್ಟಿಯನ್ನು ಕಂಬಳಿಯ ಮೇಲಂಚಿನುದ್ದಕ್ಕೂ ಕೈಹೊಲಿಗೆಯಿಂದ ಸೇರಿಸಿ. ಮುಳ್ಳಿನ ಭಾಗವನ್ನು ಹಲಗೆಗೆ ಸ್ಟೇಪಲ್ ಮಾಡಿ. ಭಾರ ಇಡೀ ಅಗಲಕ್ಕೆ ಹಂಚಿಹೋಗುತ್ತದೆ.

ಕಬ್ಬಿಣದ ಸಡಿಲ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಪಾರದರ್ಶಕ ಲ್ಯಾಕರ್ ಬಳಿಯಿರಿ. ಇಲ್ಲದಿದ್ದರೆ ತೇವದ ದಿನಗಳಲ್ಲಿ ಉಣ್ಣೆಗೆ ಕಂದು ಕಲೆ ಇಳಿಯುತ್ತದೆ, ಅದು ಹೋಗುವುದಿಲ್ಲ. ಇನ್ನೊಂದು ಮಾತು, ಹಳೆ ಕಂಬಳಿಯಲ್ಲಿ ನುಸಿಯ ಮೊಟ್ಟೆ ಇದ್ದರೆ ಪಕ್ಕದವರ ಬಟ್ಟೆಯ ಕೃತಿಗೂ ಹಬ್ಬೀತು. ಅದಕ್ಕೇ ಹಲಗೆಗೆ ಏರಿಸುವ ಮೊದಲೇ ಕಂಬಳಿಯನ್ನು ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿನ ಬಟ್ಟೆ ಬೆವರುತ್ತದೆ.

ಇಷ್ಟು ಭಾರಕ್ಕೆ ತಂತಿ ಬೇಡ. ಹಲಗೆಯ ಹಿಂಬದಿಗೆ ಎರಡು ಡಿ-ರಿಂಗ್ (ಇಂಗ್ಲಿಷ್ ‘D’ ಆಕಾರದ ಲೋಹದ ಬಳೆ) ಬಿಗಿದು, ಅವನ್ನು ನೇರ ಗೋಡೆಯ ಎರಡು ಸ್ಕ್ರೂಗಳಿಗೆ ಸಿಕ್ಕಿಸಿ. ಆಗ ಒಂದು ಪಕ್ಕ ವಾಲುವ ಕಾಟವೂ ಇಲ್ಲ. ಕೃತಿಯ ನಡುಬಿಂದು ನೆಲದಿಂದ 58 ಇಂಚು ಬರಲಿ. ಅದಕ್ಕೆ ಕೃತಿಯ ಅರ್ಧ ಎತ್ತರ ಕೂಡಿಸಿ, ಮೇಲಂಚಿನಿಂದ ರಿಂಗ್ ಎಷ್ಟು ಕೆಳಗಿದೆಯೋ ಅಷ್ಟು ಕಳೆಯಿರಿ. ರಿಂಗ್ 5 ಇಂಚು ಕೆಳಗಿದ್ದರೆ 58+20−5, ಅಂದರೆ 73 ಇಂಚಿಗೆ ಸ್ಕ್ರೂ. ಗುಂಪು ಪ್ರದರ್ಶನದಲ್ಲಿ ಎಲ್ಲರೂ ಇದೇ 58 ಹಿಡಿದರೆ ಕೃತಿಗಳ ಅಳತೆ ಬೇರೆ ಬೇರೆ ಇದ್ದರೂ ಗೋಡೆ ಒಂದಾಗಿ ಕಾಣುತ್ತದೆ. ಬರೀ ಗಾರೆಗೆ ಮೊಳೆ ಹೊಡೆದರೆ ಉದುರುತ್ತದೆ. 8 ಮಿ.ಮೀ. ತೂತು ಕೊರೆದು, 40 ಮಿ.ಮೀ. ಪ್ಲಗ್ ಇಟ್ಟಿಗೆಯವರೆಗೆ ಇಳಿಸಿ.

ಪ್ರಶ್ನೆ: ಕೃತಿಯ ಪಕ್ಕದ ಹೆಸರಿನ ಫಲಕದಲ್ಲಿ ‘ಮಿಶ್ರ ಮಾಧ್ಯಮ’ ಎಂದಷ್ಟೇ ಬರೆದರೆ ಸಾಲದೇ?
– ಹೊಸದುರ್ಗ

ಉತ್ತರ: ಸಾಲದು. ಅದು ಸೋಮಾರಿತನ. ‘ಕಂಬಳಿ, ಕಬ್ಬಿಣ, ಅಕ್ರಿಲಿಕ್, ಪ್ಲೈವುಡ್ ಮೇಲೆ’ ಎಂದು ಬಿಡಿಸಿ ಬರೆಯಿರಿ. ಪಿಕಾಸೊ 1912ರಲ್ಲಿ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆ ಅಂಟಿಸಿ, ಸುತ್ತ ಹಗ್ಗ ಕಟ್ಟಿದ ಕೃತಿಯ ವಿವರದಲ್ಲಿ ಮೇಣಬಟ್ಟೆ, ಹಗ್ಗ ಎರಡೂ ಇರುತ್ತವೆ. ಅಳತೆ ಎತ್ತರ, ಅಗಲ, ಆಳದ ಕ್ರಮದಲ್ಲಿ ಸೆಂ.ಮೀ.ನಲ್ಲಿರಲಿ. ಆಳವನ್ನು ಮರೆತರೆ ಪೆಟ್ಟಿಗೆ ಮಾಡುವವರು ಬೈಯುತ್ತಾರೆ.

ಪ್ರಶ್ನೆ: ಪ್ರದರ್ಶನ ಮುಗಿದ ಮೇಲೆ ಕೃತಿಗಳನ್ನು ಬೆಂಗಳೂರಿನ ಗ್ಯಾಲರಿಯೊಂದಕ್ಕೆ ಒಯ್ಯಬೇಕು. ಬಬಲ್ ರ‍್ಯಾಪ್ ಸುತ್ತಿದರೆ ಸಾಕೇ?
– ದಾವಣಗೆರೆ

ಉತ್ತರ: ನೇರವಾಗಿ ಸುತ್ತಬೇಡಿ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುವ ಬಣ್ಣ. ಗುಳ್ಳೆಗಳ ಅಚ್ಚು ಅದರ ಮೇಲೆ ಬಿದ್ದೇ ಬೀಳುತ್ತದೆ. ಮೊದಲು ಸಿಲಿಕಾನ್ ಕಾಗದ, ಆಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ‍್ಯಾಪ್, ಮೂಲೆಗಳಿಗೆ ದಪ್ಪ ಥರ್ಮೋಕೋಲ್. ಉಬ್ಬು ಇರುವ ಕೃತಿಗೆ ಉಬ್ಬಿಗಿಂತ ಒಂದಿಂಚು ಆಳದ ಪೆಟ್ಟಿಗೆ ಬೇಕು. ಗಾಡಿಯಲ್ಲಿ ಮಲಗಿಸದೆ ನಿಲ್ಲಿಸಿ, ಸೈಜು ಒಂದೇ ಇರುವವನ್ನು ಮುಖಕ್ಕೆ ಮುಖ ಮಾಡಿ, ನಡುವೆ ರಟ್ಟು ಇಟ್ಟು ಕಟ್ಟಿ. ಬೇಸಿಗೆಯಾದರೆ ಬೆಳಗಿನ ಜಾವವೇ ಹೊರಡಿ. ಹಿರಿಯೂರು, ಶಿರಾ ಬಳಿ ಊಟಕ್ಕೆಂದು ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿದರೆ ಒಳಗಿನ ಬಣ್ಣ ಕಾಗದಕ್ಕೆ ಕಚ್ಚಿಕೊಂಡೀತು.