ಪಂಜರ ಹೊರಗೆ ಬರಲಿ, ಬಾಗಿಲು ಮುಚ್ಚಿರಲಿ

ಸಾಕು ಹಕ್ಕಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ಒಂದು ಜೋಡಿ ಬಡ್ಜಿ (ಪುಟ್ಟ ಸಾಕು ಗಿಣಿ) ಇವೆ. ಮೂರನೇ ಮಹಡಿ, ಪಂಜರ ಹಾಲ್‌ನಲ್ಲೇ ಇರುತ್ತೆ. ದಿನವಿಡೀ ಟ್ಯೂಬ್‌ಲೈಟ್ ಬೆಳಕಲ್ಲೇ ಕೂತಿರುತ್ತವೆ, ಪಾಪ ಅನಿಸುತ್ತದೆ. ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿದ್ದೇವೆ. ಅಲ್ಲಿ ಪಂಜರದ ಬಾಗಿಲು ತೆಗೆದು ಹಾರಾಡೋಕೆ ಬಿಡಬಹುದಾ? ಕಿಟಕಿ ಪಕ್ಕ ಬಿಸಿಲಲ್ಲಿ ಇಟ್ಟರೆ ಸಾಕು ಅಂತಾರೆ ನಮ್ಮನೆಯವರು.
- ಗೃಹಿಣಿ, ರಾಜಾಜಿನಗರ

ಉತ್ತರ: ದಯವಿಟ್ಟು ಬಾಗಿಲು ತೆಗೆಯಬೇಡಿ. ಆ ಬಲೆಯ ಕಣ್ಣು ಪಾರಿವಾಳದ ಅಳತೆಗೆ ಮಾಡಿದ್ದು, ಬಡ್ಜಿ ಅದರಲ್ಲಿ ಆರಾಮಾಗಿ ನುಸುಳಿಬಿಡುತ್ತದೆ. ನುಸುಳದಿದ್ದರೂ ನೈಲಾನ್ ದಾರಕ್ಕೆ ಕಾಲು ಸಿಕ್ಕಿಹಾಕಿಕೊಂಡು ಒದ್ದಾಡುತ್ತದೆ. ಆದರೆ ಹೊರಗೆ ಕರೆದುಕೊಂಡು ಹೋಗಬೇಕು ಅಂತ ನಿಮಗೆ ಅನಿಸಿದ್ದು ನೂರಕ್ಕೆ ನೂರು ಸರಿ. ಕಿಟಕಿ ಗಾಜಿನ ಹಿಂದಿನ ಬಿಸಿಲು ಸಾಲದು. ಹಕ್ಕಿಯ ಮೈಯಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ನೇರಳಾತೀತ ಕಿರಣವನ್ನು ಗಾಜು ತಡೆಯುತ್ತದೆ, ಒಳಗೆ ಬರುವುದು ಬೆಳಕು ಮತ್ತು ಸೆಕೆ ಅಷ್ಟೇ. ಆ ವಿಟಮಿನ್ ಕಡಿಮೆಯಾದರೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಮೊಟ್ಟೆ ಇಡುವ ಹೆಣ್ಣಿಗಂತೂ ತುಂಬಾ ತೊಂದರೆ.

ಹಾಗಾಗಿ ಪಂಜರವನ್ನೇ ಹೊರಗೆ ತನ್ನಿ, ಬಾಗಿಲಿಗೆ ಒಂದು ಕ್ಲಿಪ್ ಹಾಕಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ್ಕೊಳ್ಳಿ. ಮೇಲಕ್ಕೆ ಸರಿಸುವ ಬಾಗಿಲನ್ನು ಬಡ್ಜಿಗಳು ಕೊಕ್ಕಿನಲ್ಲಿ ಎತ್ತುವುದನ್ನು ಬೇಗ ಕಲಿಯುತ್ತವೆ, ಅದಕ್ಕೇ ಕ್ಲಿಪ್. ಬೆಳಗ್ಗೆ 7ರಿಂದ 9ರ ಒಳಗೆ ಒಳ್ಳೆ ಹೊತ್ತು. ಮೊದಮೊದಲು ಹತ್ತು ನಿಮಿಷ, ಆಮೇಲೆ ನಿಧಾನಕ್ಕೆ ಅರ್ಧ ಗಂಟೆ. ನಮ್ಮ ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಇನ್ನೂ ಬೇಗ ಮುಗಿಸಿ. ಡಿಸೆಂಬರ್, ಜನವರಿಯಲ್ಲಿ ಮಂಜು ಕರಗಿ, ಚಳಿಗಾಳಿ ನಿಲ್ಲುವ ತನಕ ಕಾಯಿರಿ. ಪಂಜರದ ಅರ್ಧಕ್ಕೆ ದಪ್ಪ ಬಟ್ಟೆ ಹೊದಿಸಿ. ಬಿಸಿಲು ಬೇಕಾ ನೆರಳು ಬೇಕಾ ಅಂತ ಹಕ್ಕಿಯೇ ತೀರ್ಮಾನ ಮಾಡಲಿ. ಹಕ್ಕಿಗಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಾ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತರೆ ಸೆಕೆ ತಡೆಯೋಕೆ ಆಗ್ತಿಲ್ಲ ಅಂತ ಅರ್ಥ, ತಕ್ಷಣ ಒಳಗೆ ತನ್ನಿ.

ಈಗ ಹದ್ದು, ಕಾಗೆ, ಬೆಕ್ಕಿನ ವಿಷಯ. ನಮ್ಮ ಊರಿನ ಆಕಾಶದಲ್ಲಿ ಹದ್ದು ಇಲ್ಲದ ಹೊತ್ತೇ ಇಲ್ಲ, ಅಲ್ವಾ? ಅದು ಪಂಜರಕ್ಕೆ ಎರಗಲೇಬೇಕು ಅಂತಿಲ್ಲ, ಮೇಲೆ ನೆರಳು ಹಾದುಹೋದರೂ ಸಾಕು, ಬಡ್ಜಿ ಹೆದರಿ ಸರಳಿಗೆ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತದೆ. ಆದ್ದರಿಂದ ಹೊದಿಸುವ ಬಟ್ಟೆ ಪಂಜರದ ಮೇಲ್ಭಾಗವನ್ನೂ ಮರೆಮಾಡಲಿ, ಒಂದು ಬದಿ ಗೋಡೆಗೆ ತಾಗಿರಲಿ, ಗ್ರಿಲ್‌ಗೆ ಮಾತ್ರ ನೇತುಹಾಕಬೇಡಿ. ಬೆಕ್ಕು ಸರಳಿನ ಸಂದಿಯಲ್ಲಿ ಪಂಜ ತೂರಿಸುವುದಕ್ಕೆ ಎರಡು ಸೆಕೆಂಡ್ ಸಾಕು. ಅದರ ಬಾಯಿ, ಉಗುರಿನಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಗೆ ವಿಷವಿದ್ದ ಹಾಗೆ. ಗೀರು ಸಣ್ಣದಾಗಿ ಕಂಡರೂ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಪಶುವೈದ್ಯರ ಹತ್ತಿರ ಓಡಿ. ಫೋನ್ ಬಂತು, ಕುಕ್ಕರ್ ಕೂಗಿತು ಅಂತ ಎದ್ದು ಹೋಗುವುದಾದರೆ ಪಂಜರವನ್ನೂ ಎತ್ತಿಕೊಂಡೇ ಹೋಗಿ.

ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಇದ್ದರೆ ಮೊದಲು ನೀರು ಹಾಕಿ ನೆನೆಸಿ ತೊಳೆಯಿರಿ. ಒಣಗಿದ್ದನ್ನು ಹಾಗೇ ಗುಡಿಸಿದರೆ ಎದ್ದ ಧೂಳಿನಿಂದ ಹಕ್ಕಿಗೂ ನಿಮಗೂ ಕಾಯಿಲೆ ಬರಬಹುದು. ಬೀದಿಯಲ್ಲಿ ಸೊಳ್ಳೆಗೆ ಹೊಗೆ ಹಾಕುವ ದಿನ, ದೀಪಾವಳಿಯ ದಿನಗಳಲ್ಲಿ ಹೊರಗೆ ಬೇಡವೇ ಬೇಡ.

ಸುಮ್ನೆ ಹೊರಗಿಟ್ಟು ಕೂರಿಸಿದರೆ ಅವಕ್ಕೂ ಬೇಜಾರು. ಒಂದು ನವಣೆ ತೆನೆ ಕಟ್ಟಿ. ತೊಳೆದ ಕೊತ್ತಂಬರಿ ಸೊಪ್ಪಿನ ಕಟ್ಟನ್ನು ನೀರು ತೊಟ್ಟಿಕ್ಕುತ್ತಿರುವಾಗಲೇ ಒಳಗೆ ಸಿಕ್ಕಿಸಿ. ಎಷ್ಟೋ ಬಡ್ಜಿಗಳು ಬಟ್ಟಲಿನ ನೀರಿಗೆ ಇಳಿಯುವುದಿಲ್ಲ, ಒದ್ದೆ ಎಲೆಗೆ ಮೈ ಉಜ್ಜಿಕೊಂಡೇ ಸ್ನಾನ ಮುಗಿಸುತ್ತವೆ, ಅದನ್ನು ನೋಡುವುದೇ ಒಂದು ಖುಷಿ. ಔಷಧಿ ಹೊಡೆಯದ ಸೀಬೆ ಅಥವಾ ದಾಸವಾಳದ ಕೊಂಬೆ ಸಿಕ್ಕರೆ ತೊಗಟೆ ಸುಲಿಯೋಕೆ ಕೊಡಿ. ಕಣಗಿಲೆ ಗಿಡ ಮಾತ್ರ ಹತ್ತಿರಕ್ಕೂ ಬರಬಾರದು, ಅದು ವಿಷ.

ಪ್ರಶ್ನೆ: ನನ್ನ ಕಾಕಟೀಲ್ (ಜುಟ್ಟಿರುವ ಸಾಕು ಗಿಣಿ) ಮನೆಯೊಳಗೆ ಶಿಳ್ಳೆ ಹಾಕಿಕೊಂಡು ಚೆನ್ನಾಗಿಯೇ ಇರುತ್ತೆ. ಟೆರೇಸ್‌ಗೆ ಒಯ್ದರೆ ಮಾತ್ರ ಜುಟ್ಟು ನೆಟ್ಟಗೆ ಮಾಡಿ ಮೂಲೆ ಸೇರುತ್ತದೆ. ರೆಕ್ಕೆ ಕತ್ತರಿಸಿ ಕೈಮೇಲೆ ಕೂರಿಸಿಕೊಂಡು ಹೋದರೆ ಅಭ್ಯಾಸ ಆಗುತ್ತೆ ಅಂತಾನೆ ಗೆಳೆಯ. ಹೌದಾ?
- ಸಾಫ್ಟ್‌ವೇರ್ ಉದ್ಯೋಗಿ, ಯಲಹಂಕ

ಉತ್ತರ: ಇಲ್ಲ, ಆ ಮಾತು ಕೇಳಲೇಬೇಡಿ. ರೆಕ್ಕೆಯ ಗರಿ ಕತ್ತರಿಸಿದ ಹಕ್ಕಿಯೂ ಗಾಳಿ ಜೋರಾಗಿ ಬೀಸಿದರೆ ತೇಲಿಕೊಂಡು ಹೋಗಿಬಿಡುತ್ತದೆ. ಟೆರೇಸ್‌ನಿಂದ ಕೆಳಗೆ ಇಳಿದದ್ದು ಮತ್ತೆ ಮೇಲೆ ಹಾರಿ ಬರಲು ಆಗದೆ ಬೀದಿಯ ನಾಯಿ, ಬೆಕ್ಕಿನ ಎದುರು ಕೂರುತ್ತದೆ. ಕಾಲಿಗೆ ದಾರ, ಸರಪಳಿ ಕಟ್ಟುವುದು ಇನ್ನೂ ಕೆಟ್ಟದ್ದು. ಬೆಚ್ಚಿ ಹಾರಿದಾಗ ಕಾಲೇ ಮುರಿಯಬಹುದು.

ನಿಮ್ಮ ಹಕ್ಕಿ ಹಟ ಮಾಡುತ್ತಿಲ್ಲ, ಅದಕ್ಕೆ ಭಯ. ಮೈ ಸಣ್ಣಗೆ ಮಾಡಿಕೊಂಡು ಜುಟ್ಟು ನೆಟ್ಟಗೆ ನಿಲ್ಲಿಸುವುದು ಅದರ ಗುರುತು. ಟೆರೇಸ್ ಬಿಟ್ಟುಬಿಡಿ, ಅಲ್ಲಿ ನಾಲ್ಕೂ ಕಡೆ ಬಯಲು, ಮರೆಯೇ ಇಲ್ಲ. ಕೆಲವು ದಿನ ಪಂಜರವನ್ನು ಬಾಲ್ಕನಿ ಬಾಗಿಲ ಹತ್ತಿರ ಒಳಗಡೆಯೇ ಇಡಿ. ಅಲ್ಲಿ ನೆಮ್ಮದಿಯಾಗಿ ಕಾಳು ತಿಂದರೆ ಆಮೇಲೆ ಆ ಬಾಗಿಲು ತೆರೆದಿಡಿ, ಗಾಳಿ ಬರಲಿ, ಆಟೋ ಸದ್ದು, ಕೋಗಿಲೆ ಕೂಗು ಕಿವಿಗೆ ಬೀಳಲಿ, ನಂತರ ಎರಡೇ ಎರಡು ನಿಮಿಷ ಹೊರಗೆ. ಹೆದರುವ ಮುಂಚೆಯೇ ವಾಪಸ್ ತರುವುದೇ ಇಲ್ಲಿ ಮುಖ್ಯ. ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಒಗ್ಗದಿದ್ದರೆ ಬಲವಂತ ಬೇಡ. ಕೆಲವು ಹಕ್ಕಿಗಳಿಗೆ ಜಾಲರಿ ಇರುವ, ಗಾಜು ಸರಿಸಿದ ಕಿಟಕಿಯೇ ಇಷ್ಟ, ಅದೂ ಒಳ್ಳೆಯದೇ.

ಹಾರಿಹೋದರೆ ಏನು ಮಾಡಬೇಕು ಅಂತ ಈಗಲೇ ತಿಳಿದಿರಲಿ. ಅಟ್ಟಿಸಿಕೊಂಡು ಓಡಬೇಡಿ. ಯಾವ ಮರಕ್ಕೆ ಹೋಯಿತು ನೋಡಿಕೊಳ್ಳಿ. ಅದಕ್ಕೆ ಕಾಣುವ ಜಾಗದಲ್ಲಿ ಅದರದೇ ಪಂಜರವನ್ನು ಬಾಗಿಲು ತೆರೆದು, ಇಷ್ಟದ ತಿಂಡಿ ಹಾಕಿ ಇಡಿ. ಅದಕ್ಕೆ ಗೊತ್ತಿರುವ ಶಿಳ್ಳೆ ಹಾಕುತ್ತಿರಿ. ಎತ್ತರದಿಂದ ಕೆಳಗಿಳಿಯುವುದು ಮನೆಯಲ್ಲೇ ಬೆಳೆದ ಹಕ್ಕಿಗೆ ಗೊತ್ತಿರುವುದಿಲ್ಲ, ಅದಕ್ಕೇ ಹೊತ್ತು ಹಿಡಿಯುತ್ತದೆ. ಕತ್ತಲಾದರೆ ಕೂತ ಕೊಂಬೆ ಗುರುತಿಟ್ಟುಕೊಂಡು ಬೆಳಕು ಹರಿಯುವ ಮುಂಚೆ ಅದೇ ಮರದ ಕೆಳಗೆ ಇರಿ, ಆ ಹೊತ್ತಿಗೆ ಅದಕ್ಕೆ ಹಸಿವಾಗಿರುತ್ತದೆ.

ಪ್ರಶ್ನೆ: ಊರಿಂದ ಮಾವ ಹಸಿರು ಗಿಣಿ ಮರಿ ತಂದುಕೊಟ್ಟಿದ್ದಾರೆ. ಭುಜದ ಮೇಲೆ ಕೂರಿಸಿಕೊಂಡು ಲಾಲ್‌ಬಾಗ್‌ಗೆ ಕರ್ಕೊಂಡು ಹೋಗಬಹುದಾ?
- ಪಿಯು ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಪುಟ್ಟಿ, ಲಾಲ್‌ಬಾಗ್ ಇರಲಿ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು. ಬಡ್ಜಿ, ಕಾಕಟೀಲ್ ಆಸ್ಟ್ರೇಲಿಯಾ ಮೂಲದವು, ಸಾಕಬಹುದು. ನಮ್ಮ ಹಸಿರು ಗಿಣಿ ಕಾಡುಹಕ್ಕಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ, ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ಮಾವನಿಗೆ ಪ್ರೀತಿಯಿಂದಲೇ ವಿಷಯ ತಿಳಿಸು, ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಹಾಗಂತ ಟೆರೇಸ್‌ನಿಂದ ಹಾರಿಬಿಡಬೇಡ, ಮರಿಗೆ ಇನ್ನೂ ತಾನಾಗಿ ಆಹಾರ ಹುಡುಕಿಕೊಳ್ಳೋಕೆ ಬರುವುದಿಲ್ಲ. ಮನೆಯವರ ಜೊತೆ ಅರಣ್ಯ ಇಲಾಖೆಗೋ, ಕೆಂಗೇರಿ ಕಡೆ ಇರುವ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಗೋ ಫೋನ್ ಮಾಡು. ಮರಿಗೆ ಏನು ತಿನ್ನಿಸಬೇಕು ಅಂತ ಅವರನ್ನೇ ಕೇಳು. ಹಾಲು, ಬ್ರೆಡ್ ಮಾತ್ರ ಕೊಡಬೇಡ, ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಅವರು ಬರುವವರೆಗೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ, ಫ್ಯಾನ್ ಇಲ್ಲದ ಕಡೆ ಬೆಚ್ಚಗೆ ಇಡು.